ಬಿಸ್ಕೆಟ್ ಕ್ಲಾಸು

ಭಾನುವಾರ ಅಂದರೆ ಮಕ್ಕಳಿಗೆ ರಜೆ ಅಂತ ಯಾರಾದರೂ ಹೇಳಿದರೆ, ಅವರು ಗಡಿಯಾಚೆ ಆಂಧ್ರದ ರಾಯದುರ್ಗದ ಆ ಓಣಿ ನೋಡಿಲ್ಲ ಅಂತಲೇ ಅರ್ಥ. ಶನಿವಾರ ಸಂಜೆ ಗಾರ್ಮೆಂಟ್ಸಿನ ಆಟೋ ಬಂದು ಮನೆಮನೆಯ ಮುಂದೆ ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ಇಳಿಸಿ ಹೋಗುತ್ತದೆ. ಹೊಲಿಗೆ ಮುಗಿದಿದ್ದರೂ ಪ್ಯಾಂಟಿನ ತುಂಬ ಮಿಕ್ಕ ದಾರ ಜೋತಾಡುತ್ತಿರುತ್ತದೆ. ಜೇಬಿನ ಮೂಲೆಯಲ್ಲಿ, ಸೊಂಟದ ಪಟ್ಟಿಯಲ್ಲಿ, ಕಾಲಿನ ಮಡಿಕೆಯಲ್ಲಿ. ಅದನ್ನೆಲ್ಲ ಕತ್ತರಿಸಿ, ಮಡಚಿ, ಸೋಮವಾರ ಬೆಳಿಗ್ಗೆ ವಾಪಸ್ ಕೊಡಬೇಕು. ಈ ಕೆಲಸಕ್ಕೆ ಮಕ್ಕಳ ಬೆರಳೇ ಸರಿ ಅಂತ ಓಣಿಯ ದೊಡ್ಡವರೆಲ್ಲ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮಕ್ಕಳನ್ನು ಯಾರೂ ಕೇಳಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿ ನಡೆದು ಹೋದರೆ ಪ್ರತಿ ಕಟ್ಟೆಯ ಮೇಲೂ ಒಂದು ಮಗು ತನಗಿಂತ ಉದ್ದದ ಪ್ಯಾಂಟನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಿರುತ್ತದೆ. ಹೊಸ ಬಟ್ಟೆಯ ಬಣ್ಣ ಕೈಗೆ ಹತ್ತುತ್ತದೆ. ಉಗುರಿನ ಸಂದಿಗೆ ಇಳಿದ ಆ ನೀಲಿ ಬುಧವಾರದವರೆಗೂ ಹೋಗುವುದಿಲ್ಲ.

ಸೌಭಾಗ್ಯ ಈ ಓಣಿಗೆ ಸೊಸೆಯಾಗಿ ಬಂದವಳು. ತವರು ಮಡಕಶಿರದ ಕಡೆ, ಗುಡಿಬಂಡೆ ಹತ್ತಿರದ ಒಂದು ಹಳ್ಳಿ. ಗಾರ್ಮೆಂಟ್ಸಿನಲ್ಲಿ ಪ್ಯಾಂಟಿಗೆ ಜಿಪ್ಪು ಕೂರಿಸುವ ಮಿಷನ್ನು ಅವಳದು. ಗಂಡ ರಾಮಾಂಜಿ ಅದೇ ಗಾರ್ಮೆಂಟ್ಸಿನಲ್ಲಿ ಬಟ್ಟೆಯ ಥಾನು ಹೊರುತ್ತಾನೆ. ಮಗಳು ಸುಶ್ಮಿತಾ ಐದನೇ ಕ್ಲಾಸು. ಮನೆಯಲ್ಲಿ ಅತ್ತೆ ದುರುಗಕ್ಕ. ಗಂಟು ಇಳಿಸಿಕೊಳ್ಳುವವಳೂ ಅವಳೇ, ಲೆಕ್ಕ ಒಪ್ಪಿಸುವವಳೂ ಅವಳೇ. ಸೌಭಾಗ್ಯಳ ಬಾಯಿ ಜೋರು ಅಂತ ಓಣಿಗೆಲ್ಲ ಗೊತ್ತು. ಆದರೆ ಈ ಭಾನುವಾರದ ಕತ್ತರಿಯ ವಿಷಯದಲ್ಲಿ ಅವಳೂ ಬಹಳ ದಿನ ಬಾಯಿ ಮುಚ್ಚಿಕೊಂಡೇ ಇದ್ದಳು. ಎಲ್ಲರ ಮಕ್ಕಳೂ ಮಾಡುತ್ತವೆ, ನಮ್ಮದೂ ಮಾಡುತ್ತದೆ ಅಂತ ಅಂದುಕೊಂಡಿದ್ದಳು.

ಅವಳ ಕಣ್ಣು ತೆರೆಸಿದ್ದು ದೊಡ್ಡಮ್ಮ ಪಾಪಕ್ಕ. ಮಡಕಶಿರದಲ್ಲಿ ತಂಗಿಯ ಮಗುವಿನ ನಾಮಕರಣ. ಮಗಳನ್ನು ಕರೆದುಕೊಂಡು ಸೌಭಾಗ್ಯ ಪಾವಗಡದಲ್ಲಿ ಬಸ್ಸು ಬದಲಾಯಿಸಿ ಹೋಗಿದ್ದಳು. ಬಾಳೆಹಣ್ಣು ಕೊಡಲು ಪಾಪಕ್ಕ ಹುಡುಗಿಯ ಕೈ ಹಿಡಿದವಳು ಬಿಡಲೇ ಇಲ್ಲ. ಅಂಗೈ ತಿರುಗಿಸಿ ನೋಡಿದಳು, ಉಗುರು ನೋಡಿದಳು, ಎಲ್ಲರ ಮುಂದೆ ಕೇಳಿಬಿಟ್ಟಳು.

"ಏನೇ ಸೌಭಾಗ್ಯ, ಮಗೂನ ಯಾವ ಗಾರ್ಮೆಂಟ್ಸಿಗೆ ಹಾಕಿದ್ದೀಯೇ?"

ಕೂತಿದ್ದ ಹೆಂಗಸರು ನಕ್ಕರು. ಪಾಪಕ್ಕ ನಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ತೋಳಿಗೆ ಒರಗಿ ನಿದ್ದೆ ಹೋದಳು. ಸೌಭಾಗ್ಯ ಆ ಕೈಯನ್ನೇ ನೋಡುತ್ತ ಕೂತಳು. ನಾಚಿಕೆಯಾಯಿತು. ನಾಚಿಕೆ ಆದರೆ ಸೌಭಾಗ್ಯಳಿಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ರಾಯದುರ್ಗ ಮುಟ್ಟುವಷ್ಟರಲ್ಲಿ ಆ ಸಿಟ್ಟು ಚೆನ್ನಾಗಿ ಕಾದಿತ್ತು.

ಮನೆಗೆ ಬಂದವಳೇ ಚೀಲ ಕೆಳಗಿಟ್ಟು ಹೇಳಿದಳು: "ಅತ್ತೆ, ಇನ್ನು ಮೇಲೆ ಭಾನುವಾರ ನನ್ ಮಗಳು ಕತ್ತರಿ ಹಿಡಿಯಲ್ಲ."

ದುರುಗಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಿದಳು. "ಯಾಕ, ಏನಾತು? ನಾನೇನು ಆಕಿ ತಲಿ ಮ್ಯಾಲೆ ಕಲ್ಲು ಹೊರಿಸೀನೇನು? ನೆಳ್ಳಾಗ ಕುಂತು ದಾರ ಕತ್ತರಿಸಾದು. ಆಕಿ ವಯಸ್ಸಿನಾಗ ನಾ ಬಿಸಿಲಾಗ ಕುರಿ ಹಿಂದ ತಿರುಗ್ತಿದ್ದೆ."

"ನೀವು ತಿರುಗುದ್ರಿ ಅಂತ ಅವಳೂ ತಿರುಗಬೇಕಾ?"

"ಭಾನುವಾರ ಸುಮ್ಮ ಕುಂತು ಏನು ಮಾಡ್ತಾಳ?"

"ಆಟ ಆಡ್ತಾಳೆ."

ಆಟದ ಕಥೆ ಒಂದೇ ಭಾನುವಾರಕ್ಕೆ ಮುಗಿಯಿತು. ಹುಡುಗಿ ಹೊರಗೆ ಹೋದ ಸ್ವಲ್ಪ ಹೊತ್ತಿಗೇ ದುರುಗಕ್ಕ ಬಾಗಿಲಲ್ಲಿ ನಿಂತು ಕರೆದಳು, ಹುಡುಗಿ ಬಂದಳು, ಕೂತಳು. ಆಡಲು ಜೊತೆಗಾದರೂ ಯಾರಿದ್ದರು? ಓಣಿಯ ಮಕ್ಕಳೆಲ್ಲ ಕಟ್ಟೆಯ ಮೇಲೆ. ಸೌಭಾಗ್ಯಳಿಗೆ ಆಗ ತಿಳಿಯಿತು, ಆಟ ಅಂದರೆ ಅತ್ತೆ ಎಬ್ಬಿಸುತ್ತಾಳೆ, ಕ್ಲಾಸು ಅಂದರೆ ಎಬ್ಬಿಸುವುದಕ್ಕೆ ಸ್ವಲ್ಪ ಯೋಚನೆ ಮಾಡುತ್ತಾಳೆ. ಅದರಲ್ಲೂ ದೇವರ ಹೆಸರಿನ ಕ್ಲಾಸಾದರೆ ದುರುಗಕ್ಕ ಕೈ ಹಾಕಲಾರಳು. ಹುಡುಕಲು ಹೊರಟಳು. ಟ್ಯೂಷನ್ ಮೇಷ್ಟ್ರು ಭಾನುವಾರ ತಮ್ಮ ಹೊಲಕ್ಕೆ ಹೋಗುತ್ತಾರಂತೆ. ಗುಡಿಯ ಭಜನೆ ಕ್ಲಾಸು ಶನಿವಾರ ಸಂಜೆಗೆ. ಉಳಿದದ್ದು ಹಿಂದಿನ ಬೀದಿಯ ಚರ್ಚು. ಅಲ್ಲಿ ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲು ಅಂತ ನಡೆಯುತ್ತದೆ. ಹಾಡು, ಕಥೆ, ಬಣ್ಣ ಹಚ್ಚುವುದು. ಯಾರ ಮಕ್ಕಳು ಬಂದರೂ ಬೇಡ ಅನ್ನುವುದಿಲ್ಲ.

ದುರುಗಕ್ಕ ಎದೆ ಮೇಲೆ ಕೈಯಿಟ್ಟುಕೊಂಡಳು. "ನಮ್ಮ ಮನಿದೇವ್ರು ನೇಮಕಲ್ಲು ಆಂಜನೇಯ. ಆತ ಏನಂದಾನು?"

"ಆಂಜನೇಯಸ್ವಾಮಿದು ಶನಿವಾರ. ಇವರದು ಭಾನುವಾರ. ಅವರಿಬ್ಬರಿಗೂ ಇಲ್ಲದ ಜಗಳ ನಿಮಗ್ಯಾಕೆ ಅತ್ತೆ?"

ರಾಮಾಂಜಿ ಮಂಚದ ಮೇಲಿಂದ ತಾಯಿ ಮಾತಿಗೂ ತಲೆಯಾಡಿಸಿದ, ಹೆಂಡತಿ ಮಾತಿಗೂ ತಲೆಯಾಡಿಸಿದ. ಅವನ ಪದ್ಧತಿಯೇ ಅದು.

ಮೊದಲ ಭಾನುವಾರ ಸೌಭಾಗ್ಯ ಮಗಳಿಗೆ ತಲೆಗೆ ಸ್ನಾನ ಮಾಡಿಸಿದಳು. ಒಗೆದಿಟ್ಟ ಲಂಗ ಹಾಕಿದಳು, ಜಡೆಗೆ ಹೂ ಮುಡಿಸಿದಳು. ತಟ್ಟೆಯಲ್ಲಿ ತೆಂಗಿನಕಾಯಿ, ಎರಡು ಬಾಳೆಹಣ್ಣು ಇಟ್ಟುಕೊಟ್ಟಳು. ದೇವರ ಜಾಗಕ್ಕೆ ತಿಂದು ಹೋಗುವುದುಂಟೇ? ಹುಡುಗಿಯ ಬಾಯಿಗೆ ಒಂದು ತೊಟ್ಟು ಚಹಾ ಕೂಡ ಹಾಕಲಿಲ್ಲ. "ಮುಗಿಯೋವರ್ಗೂ ಏನೂ ತಿನ್ನಬ್ಯಾಡ, ಗೊತ್ತಾಯ್ತಾ?" ಅಂತ ಹೇಳಿ ಚರ್ಚಿನ ಗೇಟಿನ ಹತ್ತಿರ ಬಿಟ್ಟು, ಅರ್ಧ ದಿನದ ಓವರ್‌ಟೈಮಿಗೆ ಗಾರ್ಮೆಂಟ್ಸಿಗೆ ಓಡಿದಳು. ನೇಮಕಲ್ಲಿಗೆ ಹೋಗುವಾಗ ಹೇಗೋ ಹಾಗೇ ಇದೂ ಅಂತ ಅವಳ ಲೆಕ್ಕ. ತಪ್ಪು ಅಂತ ಹೇಳುವವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಬಂದಾಗ ಹುಡುಗಿ ಸುಮ್ಮನೆ ಕೂತಿದ್ದಳು. ಹೇಗಿತ್ತು ಅಂದರೆ "ಚಲೋ ಇತ್ತು" ಅಂದಳು. ಮುಂದಿನ ಭಾನುವಾರವೂ ಹಾಗೇ ಹೋಗಿ ಬಂದಳು, ಇನ್ನೂ ಸುಮ್ಮನಾದಳು. ಮೂರನೆಯ ಭಾನುವಾರ ಸೌಭಾಗ್ಯ ಬಚ್ಚಲಲ್ಲಿ ನೀರು ಕಾಯಿಸಿ ಕರೆಯುತ್ತಾಳೆ, ಮಗಳು ಇಲ್ಲ. ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಕೂತು ಕಟಕಟ ಅಂತ ದಾರ ಕತ್ತರಿಸುತ್ತಿದ್ದಾಳೆ. ಯಾರೂ ಕರೆದಿಲ್ಲ. ತಾನಾಗಿಯೇ ಬಂದು ಕೂತಿದ್ದಾಳೆ. ದುರುಗಕ್ಕ ಸೊಸೆಯನ್ನು ನೋಡಿ, ಎಲೆ ಅಡಿಕೆ ಜಗಿಯುತ್ತ ನಕ್ಕಳು. ಆ ನಗುವಿಗಿಂತ ಎರಡು ಏಟು ಕೊಟ್ಟಿದ್ದರೆ ಸೌಭಾಗ್ಯ ತಡೆದುಕೊಳ್ಳುತ್ತಿದ್ದಳು.

"ಯಾಕೆ ಸುಶ್ಮಿ, ಕ್ಲಾಸಿಗೆ ಹೋಗಲ್ವಾ?"

"ಹೋಗಂಗಿಲ್ಲ."

"ಯಾಕೆ?"

"ಅಲ್ಲಿ ನನ್ನ ಸಣ್ಣ ಹುಡುಗರ ಜೊತಿ ಕುಂಡ್ರಿಸ್ತಾರ. ಮೂಗು ಸೋರೋ ಹುಡುಗರು. ಬಿಸ್ಕೆಟ್ ಕೊಡ್ತಾರ. ಎಲ್ಲರೂ ನನಗ ಬಿಸ್ಕೆಟ್ ಕ್ಲಾಸು, ಬಿಸ್ಕೆಟ್ ಕ್ಲಾಸು ಅಂತಾರ." ಹುಡುಗಿ ತಲೆಯೆತ್ತದೆ ಪ್ಯಾಂಟನ್ನು ಮಗುಚಿ ಹಾಕಿದಳು. "ಇಲ್ಲಿ ಅಜ್ಜಿ ನನಗ ದೊಡ್ಡಾಕಿ ಅಂತಾಳ."

ಸೌಭಾಗ್ಯ ಅಲ್ಲೇ ಕಂಬ ಹಿಡಿದು ನಿಂತಳು. ಅತ್ತೆಯ ಜೊತೆ ಜಗಳ ಆಡಬಹುದು, ಗಂಡನನ್ನು ಬೈಯಬಹುದು. ಮಗಳೇ ಆಸೆಪಟ್ಟು ಕತ್ತರಿ ಹಿಡಿದರೆ ಯಾರ ಜೊತೆ ಆಡುವುದು? ಈ ಭಾನುವಾರ ಬಿಟ್ಟರೆ ಮುಂದಿನದೂ ಹೋಗುತ್ತದೆ, ಅದರ ಮುಂದಿನದೂ ಹೋಗುತ್ತದೆ. ಆಮೇಲೆ ಶಾಲೆ ಬಿಟ್ಟು ಗಾರ್ಮೆಂಟ್ಸಿನ ಬೆಂಚಿಗೆ ಬಂದು ಕೂರುವಾಗಲೂ ಅವಳಿಗೆ ಅದು ದೊಡ್ಡವಳಾದಂತೆಯೇ ಅನ್ನಿಸುತ್ತದೆ. ಈ ಓಣಿಯ ಎಷ್ಟು ಹುಡುಗಿಯರು ಹಾಗೇ ನಗುನಗುತ್ತಾ ಬಂದು ತನ್ನ ಪಕ್ಕದ ಮಿಷನ್ನಿನಲ್ಲಿ ಕೂತಿಲ್ಲ? ಸೌಭಾಗ್ಯ ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಐದನೇ ಕ್ಲಾಸು ಅಂತ ಟೀಚರಿಗೆ ಹೇಳಲಿಲ್ವಾ?"

"ಹೆಸರು ಕೇಳಿದ್ರು. ಯಾವ ಕ್ಲಾಸು ಅಂದ್ರು. ಏನಾದ್ರೂ ಹಾಡು ಬರ್ತೈತೇನು ಅಂದ್ರು."

"ನೀನೇನಂದೆ?"

"ಬಾಯಿ ಬರಲಿಲ್ಲ. ತಲಿ ತಿರುಗ್ತಿತ್ತು. ಹೊಟ್ಟಿ ಹಸಿದಿತ್ತಲ್ಲ, ನೀನೇ ಏನೂ ತಿನ್ನಬ್ಯಾಡ ಅಂದಿದ್ದಿ. ಟೀಚರು ಪಾಪ ಅಂತ ಹಿಡಕೊಂಡು ಹೋಗಿ ಬಿಸ್ಕೆಟ್ ಕೊಡೋ ಕಡಿ ಕುಂಡ್ರಿಸಿದ್ರು. ಆಮೇಲೆ ಅದೇ ನನ್ನ ಕ್ಲಾಸಾತು."

ಸೌಭಾಗ್ಯ ಹಣೆ ಚಚ್ಚಿಕೊಂಡಳು. ತನ್ನ ಭಕ್ತಿಯೇ ಮಗಳನ್ನು ಅಲ್ಲಿ ಕೂರಿಸಿತ್ತು. ಟೀಚರು ನೋಡಿದ್ದು ಹಸಿದ ಮಗುವನ್ನು, ಅಂದುಕೊಂಡದ್ದು ಮಂಕು ಹುಡುಗಿ ಅಂತ. ದುರುಗಕ್ಕ ಕಟ್ಟೆಯ ಮೇಲಿಂದ ಇಷ್ಟನ್ನೂ ಕೇಳಿಸಿಕೊಂಡು, "ದೇವ್ರು ಬದಲಾದ್ರ ಹಿಂಗಽ ಆಗಾದು" ಅಂದಳು. ಸೌಭಾಗ್ಯ ಉತ್ತರವನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಳು.

ಮುಂದಿನ ಭಾನುವಾರ ಓವರ್‌ಟೈಮಿಗೆ ಬರುವುದಿಲ್ಲ ಅಂತ ಸೂಪರ್‌ವೈಸರಿಗೆ ಮೊದಲೇ ಹೇಳಿದ್ದಳು. ಬೆಳಿಗ್ಗೆ ಮಂಡಕ್ಕಿ ಒಗ್ಗಾಣಿ ಮಾಡಿ, ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟು, ಮಗಳು ಸಾಕು ಸಾಕು ಅನ್ನುವವರೆಗೂ ತಿನ್ನಿಸಿದಳು. ಹುಡುಗಿ ಬರುವುದಿಲ್ಲ ಅಂತ ಕಾಲು ಎಳೆದಳು. "ಇದೊಂದ್ ಸಲ ಬಾ. ಇವತ್ತೂ ಬಿಸ್ಕೆಟ್ ಕ್ಲಾಸಲ್ಲೇ ಕೂರಿಸುದ್ರೆ ಇನ್ಯಾವತ್ತೂ ಕರೆಯಲ್ಲ" ಅಂತ ಮಾತು ಕೊಟ್ಟಳು. ಮಾತು ಕೊಟ್ಟ ಮೇಲೆ ಅವಳಿಗೇ ಭಯವಾಯಿತು. ಸೋತರೆ ಕತ್ತರಿಗೆ ತಾನೇ ಮಗಳನ್ನು ಬರೆದುಕೊಟ್ಟ ಹಾಗೆ.

ಸಂಡೇ ಸ್ಕೂಲು ನೋಡಿಕೊಳ್ಳುವವರು ಲಲಿತಾ ಟೀಚರ್. ವಾರವೆಲ್ಲ ಸರ್ಕಾರಿ ಶಾಲೆಯಲ್ಲಿ ಪಾಠ, ಭಾನುವಾರ ಇಲ್ಲಿ. ಕೆಟ್ಟ ಹೆಂಗಸೇನಲ್ಲ, ಎಲ್ಲವೂ ಒಂದು ಪದ್ಧತಿಯಲ್ಲಿ ನಡೆಯಬೇಕು ಅನ್ನುವವರು. ಚರ್ಚಿನ ಪಕ್ಕದ ಹಾಲಿನಲ್ಲಿ ಬಾಗಿಲ ಹತ್ತಿರ ಚಿಕ್ಕವರ ಚಾಪೆ, ನಡುವೆ ಇನ್ನೊಂದು ಗುಂಪು, ಕೊನೆಗೆ ಕಿಟಕಿ ಕೆಳಗೆ ಬೆಂಚಿನ ಮೇಲೆ ದೊಡ್ಡ ಮಕ್ಕಳು. ಬೇರೆ ಓಣಿಗಳಿಂದ ಬರುವ ಸುಶ್ಮಿತಳ ಶಾಲೆಯ ಜೊತೆಗಾರರೆಲ್ಲ ಆ ಬೆಂಚಿನ ಮೇಲೆ.

"ಮೇಡಂ, ನನ್ ಮಗಳು ಐದನೇ ಕ್ಲಾಸು. ಅವತ್ತು ಹಸ್ಕೊಂಡಿದ್ಲು, ಅದಕ್ಕೆ ಬಾಯಿ ಬಿಡಲಿಲ್ಲ. ತಪ್ಪು ನಂದೇ. ಅವಳನ್ನ ಆ ಬೆಂಚಿಗೆ ಹಾಕ್ರಿ."

ಲಲಿತಾ ಟೀಚರ್ ನಕ್ಕು ಹುಡುಗಿಯ ತಲೆ ಸವರಿದರು. "ಅದಕ್ಕಲ್ರಿ. ಆ ಬೆಂಚಿನವರು ಪ್ರತಿ ವಾರ ಬೈಬಲ್ ವಾಕ್ಯ ಬಾಯಿಪಾಠ ಹೇಳ್ತಾರ. ಹಿಂದಿನ ಕಥೆಗಳೆಲ್ಲ ಅವರಿಗೆ ಗೊತ್ತದಾವ. ಇಕಿಗೆ ಒಂದೂ ಗೊತ್ತಿಲ್ಲ. ಗೊತ್ತಿಲ್ಲದವರು ಮೊದಲಿಂದ ಶುರು ಮಾಡಬೇಕ್ರಿ. ಎಷ್ಟು ದೊಡ್ಡವರಾದ್ರೂ ಅಷ್ಟ."

"ಎಷ್ಟು ದೊಡ್ಡೋರಾದ್ರೂ?"

"ಹೌದ್ರಿ."

"ಅಲ್ಲಿ ಕೂತು ಅವಳು ಏನು ಕಲೀಬೇಕು?"

"ಸಣ್ಣ ಸಣ್ಣ ಹಾಡು, ಕಥೆ. ಅವನ್ನ ಕಲಿತ್ರ ಮೇಲಕ್ಕ ಹಾಕ್ತೀವಿ."

ಸೌಭಾಗ್ಯ ಹಾಲಿನ ಸುತ್ತ ಒಮ್ಮೆ ನೋಡಿದಳು. ಬೆಂಚಿನ ಮಕ್ಕಳು ಕತ್ತು ತಿರುಗಿಸಿ ನೋಡುತ್ತಿದ್ದರು. ಒಬ್ಬ ಹುಡುಗ ಕೈ ಅಡ್ಡ ಇಟ್ಟುಕೊಂಡು ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಸುಶ್ಮಿತಳ ಮುಖ ಕೆಂಪಾಯಿತು. ಅವಳ ಕಾಲು ಆಗಲೇ ಗೇಟಿನ ಕಡೆ ತಿರುಗಿತ್ತು. ಸೌಭಾಗ್ಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೀದಾ ಹೋಗಿ ಚಿಕ್ಕವರ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಇದೇನ್ರಿ?" ಅಂದರು ಲಲಿತಾ ಟೀಚರ್.

"ನನಗೂ ಒಂದೂ ಗೊತ್ತಿಲ್ಲ ಮೇಡಂ. ಗೊತ್ತಿಲ್ಲದೋರು ಎಷ್ಟು ದೊಡ್ಡೋರಾದ್ರೂ ಇಲ್ಲಿ ಕೂರ್ಬೇಕು ಅಂದ್ರಲ್ಲ. ಕೂತಿದ್ದೀನಿ. ಇಲ್ಲಿಂದು ನಾನು ಕಲ್ತು ಮನೇಲಿ ಅವಳಿಗೆ ಹೇಳಿಕೊಡ್ತೀನಿ. ಅವಳು ಅವಳ ವಯಸ್ಸಿನೋರ ಜೊತೆ ಕೂರ್ಲಿ."

"ಏಳ್ರಿ, ಹಂಗ ಮಾಡಬಾರದು. ನೋಡಿದವರು ಏನಂತಾರ? ನಿಮಗ ನಾಚಿಕೆ ಆಗಂಗಿಲ್ಲೇನು?"

"ಅವಳಿಗೆ ಆಗಲಿಲ್ವಾ? ಮಗೂಗೆ ಆಗಬಹುದು, ನನಗೆ ಆಗಬಾರದಾ?"

ಅಷ್ಟರಲ್ಲಿ ಬಿಸ್ಕೆಟ್ ಹಂಚುವ ಹೆಂಗಸು ತಟ್ಟೆ ಹಿಡಿದು ಬಂದಳು. ಸಾಲಾಗಿ ಕೊಡುತ್ತ ಬಂದವಳು ಸೌಭಾಗ್ಯಳ ಮುಂದೆ ನಿಂತು ಏನು ಮಾಡಬೇಕೋ ತಿಳಿಯದೆ ಟೀಚರ ಮುಖ ನೋಡಿದಳು. ಸೌಭಾಗ್ಯ ಕೈ ಚಾಚಿದಳು. ಬಿಸ್ಕೆಟ್ ತೆಗೆದುಕೊಂಡು ಬೆಂಚಿನ ಮಕ್ಕಳ ಕಡೆ ಮುಖ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಕಚ್ಚಿ ತಿಂದಳು. ಕಿವಿಯಲ್ಲಿ ಪಿಸುಗುಟ್ಟಿದ ಹುಡುಗ ಕಣ್ಣು ತಗ್ಗಿಸಿದ. ಲಲಿತಾ ಟೀಚರಿಗೆ ನಗು ಬಂತೋ ಸಿಟ್ಟು ಬಂತೋ ಹೇಳುವುದು ಕಷ್ಟ. "ಬಾರಮ್ಮ" ಅಂತ ಸುಶ್ಮಿತಳ ಕೈ ಹಿಡಿದು ಬೆಂಚಿನ ತುದಿಯಲ್ಲಿ ಜಾಗ ಮಾಡಿಸಿದರು. "ನೋಡೋಣ" ಅಂದರು ಸೌಭಾಗ್ಯಳಿಗೆ. ನೋಡಲಿ, ಎಷ್ಟು ಬೇಕಾದರೂ ನೋಡಲಿ ಅಂತ ಸೌಭಾಗ್ಯ ಚಾಪೆಯ ಮೇಲೆ ಇನ್ನೂ ಸರಿಯಾಗಿ ಕೂತಳು.

ಒಂದೇ ದಿನದ ಹಟ ಅಂದುಕೊಂಡವರಿಗೆ ಸೌಭಾಗ್ಯ ಗೊತ್ತಿರಲಿಲ್ಲ. ಮರುವಾರವೂ ಬಂದಳು, ಅದರ ಮರುವಾರವೂ ಬಂದಳು. ಚಿಕ್ಕವರ ಜೊತೆ ಚಪ್ಪಾಳೆ ತಟ್ಟಿ ತೆಲುಗು ಹಾಡು ಹೇಳಿದಳು, ಆನೆಗೆ ಬಣ್ಣ ಹಚ್ಚಿದಳು, ಗೆರೆ ದಾಟಿತು ಅಂತ ಪಕ್ಕದ ಪೋರಿಯ ಕೈಲಿ ಬೈಸಿಕೊಂಡಳು. ಅವಳಿಗೆ ಅದು ಇಷ್ಟವಾಗತೊಡಗಿತು ಅನ್ನುವುದನ್ನು ಯಾರಿಗೂ ಹೇಳಲಿಲ್ಲ. ವಾರವಿಡೀ ಜಿಪ್ಪು, ಜಿಪ್ಪು, ಜಿಪ್ಪು. ಇಲ್ಲಿ ಕೂತರೆ ಯಾರೂ ಬೇಗ ಬೇಗ ಅನ್ನುವುದಿಲ್ಲ. ಸುಮ್ಮನೆ ಕೂರುವುದಕ್ಕೂ ಒಂದು ಜಾಗ ಇರುತ್ತದೆ ಅಂತ ಅವಳಿಗೆ ಮೊದಲ ಸಲ ಗೊತ್ತಾಗಿದ್ದು ಅಲ್ಲಿ.

ಓಣಿ ಬಿದ್ದು ಬಿದ್ದು ನಕ್ಕಿತು. ಗಾರ್ಮೆಂಟ್ಸಿನಲ್ಲಿ ಪಕ್ಕದ ಮಿಷನ್ನಿನ ಬಸವರಾಜೇಶ್ವರಿ ಸೋಮವಾರ ಬಂದ ಕೂಡಲೇ, "ಏನವಾ, ನಿನ್ನೆ ಯಾವ ಬಿಸ್ಕೆಟ್ಟು?" ಅಂತ ಕೇಳಿದಳು.

"ಕ್ರೀಮ್ ಬಿಸ್ಕೆಟ್ಟು. ಬೇಕಾದ್ರೆ ನೀನೂ ಬಾ. ಬರುವಾಗ ನಿನ್ ಮಗೂ ಕೈಯಿಂದ ಕತ್ತರಿ ಇಳಿಸಿ ಅದನ್ನೂ ಕರ್ಕೊಂಡು ಬಾ."

ಬಸವರಾಜೇಶ್ವರಿ ಮಿಷನ್ನು ಜೋರಾಗಿ ತುಳಿದಳು. ಆಮೇಲೆ ಬಿಸ್ಕೆಟ್ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಸುಶ್ಮಿತಳಿಗೆ ಮೊದಲೆರಡು ವಾರ ಬೆಂಚಿನ ತುದಿಯೇ ಗತಿ. ಮನೆಯಲ್ಲಿ ಸೌಭಾಗ್ಯ ಹಿಟ್ಟು ಕಲಸುತ್ತ ಚಿಕ್ಕವರ ಹಾಡು ಹೇಳಿಕೊಡುವಳು, ಹುಡುಗಿ ಒಂದೇ ಸಲಕ್ಕೆ ಕಲಿಯುವಳು. ವಾಕ್ಯಗಳನ್ನು ಶಾಲೆಗೆ ಹೋಗುವ ದಾರಿಯಲ್ಲೇ ಬಾಯಿಪಾಠ ಮಾಡಿದಳು. ಒಂದು ವಾರ ಟೀಚರು ತಪ್ಪಿಸಿಕೊಂಡ ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದರು. ಹುಡುಗಿ ಮನೆಗೆ ಬಂದು ಅಜ್ಜಿಗೆ ಹೇಳಿದಳು. ದುರುಗಕ್ಕ ಕುರಿ ಕಾದು ಬೆಳೆದವಳು, ಕತ್ತರಿ ನಿಲ್ಲಿಸಿ ಕಥೆಯನ್ನೆಲ್ಲ ಕೇಳಿ, "ಅಲ್ಲಲೇ, ಒಂದು ಕುರಿ ಹಿಂದ ಹೋದಾಗ ಉಳಿದ ಹಿಂಡು ಯಾರು ಕಾದ್ರು? ತೋಳ ಬಂದ್ರ?" ಅಂದಳು. ಸುಶ್ಮಿತಾ ಅದನ್ನೇ ಮರುವಾರ ಎದ್ದು ನಿಂತು ಕೇಳಿದಳು. ಬೆಂಚೆಲ್ಲ ನಕ್ಕಿತು, ಲಲಿತಾ ಟೀಚರೂ ನಕ್ಕರು. ನಕ್ಕು ಆದ ಮೇಲೆ, "ನಿನಗ ಕಥೆ ಚಲೋ ನೆನಪಿರತೈತಿ. ಬರೋ ವಾರದ ಕಥೆ ನೀನಽ ಹೇಳಬೇಕು, ಎಲ್ಲರ ಮುಂದ ನಿಂತು" ಅಂದರು. ಆ ವಾರವೆಲ್ಲ ಹುಡುಗಿ ಗೋಡೆಗೆ ಕಥೆ ಹೇಳಿದಳು, ಕನ್ನಡಿಗೆ ಹೇಳಿದಳು, ನಿದ್ದೆಯಲ್ಲಿಯೂ ಗೊಣಗಿದಳು.

ಬಂದ ಭಾನುವಾರ ದೀಪಾವಳಿಯ ಹಿಂದಿನದು. ಅಂಗಡಿಗಳಿಗೆ ಮಾಲು ಹೋಗಬೇಕು, ಆಟೋದವನು ಶನಿವಾರ ಎರಡು ಪಟ್ಟು ಗಂಟು ಇಳಿಸಿ ಹೋಗಿದ್ದ. ಗಂಟುಗಳ ನಡುವೆ ದುರುಗಕ್ಕ ಕಾಣುತ್ತಲೇ ಇರಲಿಲ್ಲ. "ಇವತ್ತೊಂದು ದಿನ ಬಿಡು ಆಕಿನ್ನ" ಅಂತ ಬೆಳಿಗ್ಗೆ ಮೆತ್ತಗೇ ಕೇಳಿದಳು. ಅವಳು ಮೆತ್ತಗೆ ಕೇಳುವುದೇ ಅಪರೂಪ. ಸೌಭಾಗ್ಯಳ ಮನಸ್ಸು ಒಂದು ಗಳಿಗೆ ಇಬ್ಬಗೆಯಾಯಿತು. ಆದರೂ ಮಗಳ ಜಡೆಯ ರಿಬ್ಬನ್ನು ಬಿಗಿಯಾಗಿ ಕಟ್ಟಿ, "ಆಗಲ್ಲ ಅತ್ತೆ" ಅಂದು ಹೊರಟಳು.

ಸುಶ್ಮಿತಾ ಬೆಂಚುಗಳ ಮುಂದೆ ನಿಂತು ಕಥೆ ಶುರು ಮಾಡಿದ್ದಳು. ಮೊದಲು ದನಿ ನಡುಗಿತು, ಆಮೇಲೆ ಸರಿಹೋಯಿತು. ಚಿಕ್ಕವರ ಚಾಪೆಯಲ್ಲಿ ಸೌಭಾಗ್ಯ ತೊಡೆಯ ಮೇಲೆ ನಿದ್ದೆ ಹೋದ ಒಂದು ಮಗುವನ್ನು ಹಾಕಿಕೊಂಡು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಕಥೆ ನಡುವಿಗೆ ಬಂದಾಗ ಬಾಗಿಲಲ್ಲಿ ನೆರಳು ಬಿತ್ತು.

"ಸುಶ್ಮಿ, ಬಾರಬೇ ಮನೀಗೆ."

ದುರುಗಕ್ಕ. ಕತ್ತರಿ ದಾರದಲ್ಲಿ ಕೊರಳಿಗೆ ಜೋತಾಡುತ್ತಿತ್ತು, ಸೆರಗೆಲ್ಲ ನೀಲಿ ನೀಲಿ. ದೇವರ ಜಾಗ ಅಂತ ಹೊಸ್ತಿಲು ದಾಟಲಿಲ್ಲ, ಆದರೆ ದನಿ ದಾಟಿತು. ಲಲಿತಾ ಟೀಚರ್ ಗಡಿಬಿಡಿಯಾಗಿ, "ಅಜ್ಜಿ ಕರೀತಾರ, ಹೋಗಿ ಬಾರಮ್ಮ, ಮುಂದಿನ ವಾರ ಹೇಳುವಂತಿ" ಅಂದರು. ಸೌಭಾಗ್ಯ ಏಳಲು ನೋಡಿದಳು, ತೊಡೆಯ ಮೇಲಿನ ಮಗು ಅವಳ ಸೀರೆ ಹಿಡಿದಿತ್ತು. ಬಾಯಿಗೆ ಬಂದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಇವತ್ತು ಅತ್ತೆಗೂ ಟೀಚರಿಗೂ ಸೇರಿಸಿ ಹೇಳಿಬಿಡಬೇಕು ಅಂತ ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹುಡುಗಿಯೇ ಮಾತಾಡಿದಳು.

"ನಾ ಬರಂಗಿಲ್ಲ ಅಜ್ಜಿ. ಕಥಿ ಅರ್ಧಕ್ಕ ನಿಂತೈತಿ."

"ಎರಡು ಪಟ್ಟು ಗಂಟು ಬಿದ್ದಾವಲೇ. ಕಥಿ ಹೊಟ್ಟಿಗೆ ಹಾಕ್ತೈತೇನು?"

"ಹಾಕಂಗಿಲ್ಲ. ಆದ್ರೂ ನಾ ಬರಂಗಿಲ್ಲ. ಮುಂದಿನ ಭಾನುವಾರನೂ ಬರಂಗಿಲ್ಲ."

ಕಿರುಚಲಿಲ್ಲ, ಅಳಲಿಲ್ಲ. ನೀರು ಬೇಕಾ ಅಂದರೆ ಬೇಡ ಅನ್ನುವಷ್ಟು ಸಲೀಸಾಗಿ ಹೇಳಿದಳು. ಸೌಭಾಗ್ಯಳಿಗೆ ಎದೆ ಉಬ್ಬಿ ಬಂತು. ಕೇಳ್ರೋ, ನನ್ನ ಮಗಳು, ಅಂತ ಕೂಗಿ ಹೇಳಬೇಕು ಅನ್ನಿಸಿತು. ಆಗ ಹುಡುಗಿ ಅವಳ ಕಡೆ ತಿರುಗಿದಳು.

"ಅಮ್ಮ, ನೀನೂ ಹೋಗು."

"ನಾನಾ?"

"ಹೂಂ. ನೀ ಅಲ್ಲಿ ಕುಂತ್ರ ಎಲ್ಲರೂ ನಿನ್ನಽ ನೋಡ್ತಾರ. ನನ್ನ ಕಥಿ ಯಾರೂ ಕೇಳಂಗಿಲ್ಲ. ನನಗ ಈಗ ಇಲ್ಲಿ ಜಾಗ ಐತಿ."

ಸೌಭಾಗ್ಯಳ ಕೆನ್ನೆಗೆ ಯಾರೋ ಹೊಡೆದಂತಾಯಿತು. ಇಷ್ಟು ವಾರ ಮಾನ ಮರ್ಯಾದೆ ಬಿಟ್ಟು ಚಾಪೆಯ ಮೇಲೆ ಕೂತದ್ದು ಯಾರಿಗಾಗಿ? ಸಿಟ್ಟು ಬಂತು. ಮಗಳ ಮುಖ ನೋಡಿದಳು. ಹುಡುಗಿ ಕಣ್ಣು ತಗ್ಗಿಸಲಿಲ್ಲ. ಗದ್ದ ಎತ್ತಿ ನಿಂತಿದ್ದಳು, ಥೇಟ್ ತನ್ನ ಹಾಗೆ. ಸೌಭಾಗ್ಯ ಮಗುವಿನ ಮುಷ್ಟಿಯಿಂದ ಸೀರೆ ಬಿಡಿಸಿಕೊಂಡು, ಅದನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿ, ಎದ್ದು ಹೊರಗೆ ಬಂದಳು. ಬೆನ್ನ ಹಿಂದೆ ಕಥೆ ಮತ್ತೆ ಶುರುವಾಯಿತು.

ಅತ್ತೆ ಸೊಸೆ ಇಬ್ಬರೂ ಬೀದಿಯಲ್ಲಿ ನಡೆದರು. ತಿರುವಿನಲ್ಲಿ ದುರುಗಕ್ಕ ಅಂದಳು, "ನಿನ್ನ ಬಾಯೇ ಬಂದೈತಿ ಆಕಿಗೆ."

"ಬರಲಿ ಅಂತಲೇ ಇಷ್ಟೆಲ್ಲ ಮಾಡಿದ್ದು ಅತ್ತೆ."

"ಈಗ ಗಂಟು ಯಾರು ಬಿಚ್ಚಬೇಕು? ನೀ ಒಳಗ ಹೋಗಿ ಕುಂಡ್ರಬೇಕಿಲ್ಲೇನು, ನಿನ್ನ ಕ್ಲಾಸು?"

"ನನ್ ಕ್ಲಾಸು ಮುಗೀತು."

ಮನೆಯಲ್ಲಿ ರಾಮಾಂಜಿ ಮಂಚದ ಮೇಲೆ ಅಡ್ಡಾಗಿದ್ದ. ಸೌಭಾಗ್ಯ ಒಂದು ಗಂಟನ್ನು ಎಳೆದು ತಂದು ಕಟ್ಟೆಯ ಮೇಲೆ ಬಿಚ್ಚಿದಳು. ಗೂಟಕ್ಕೆ ತಗುಲಿಹಾಕಿದ್ದ ಮಗಳ ಕತ್ತರಿ ತಂದಳು. ಗಂಡನನ್ನು ರಟ್ಟೆ ಹಿಡಿದು ಎಬ್ಬಿಸಿ, ಹೊರಗೆ ಕರೆತಂದು ಕೂರಿಸಿ, ಅವನ ತೊಡೆಯ ಮೇಲೆ ಒಂದು ಪ್ಯಾಂಟು ಹಾಕಿ, ಕತ್ತರಿಯನ್ನು ಕೈಗೆ ಕೊಟ್ಟಳು. ಗಂಡಸು ದಾರ ಕತ್ತರಿಸಲು ಕಟ್ಟೆಗೆ ಕೂತದ್ದನ್ನು ಆ ಓಣಿ ಅವತ್ತಿನವರೆಗೂ ನೋಡಿರಲಿಲ್ಲ. ಎದುರು ಮನೆಯ ಮಕ್ಕಳು ಕೆಲಸ ನಿಲ್ಲಿಸಿ ನೋಡಿದವು. ಅವನು ಅಭ್ಯಾಸಬಲದಿಂದ ತಲೆಯಾಡಿಸಿ ಕತ್ತರಿಯ ಬಳೆಯೊಳಗೆ ಹೆಬ್ಬೆರಳು ತೂರಿಸಲು ನೋಡಿದ. ಉಗುರಿನ ತನಕ ಹೋಗಿ ಸಿಕ್ಕಿಕೊಂಡಿತು. ಬೇರೆ ಬೆರಳು ನೋಡಿದ. ಅದೂ ಹೋಗಲಿಲ್ಲ.

"ಇದರಾಗ ನನ್ನ ಬೆರಳು ಹೋಗಂಗಿಲ್ಲಲೇ," ಅಂದ.

"ಹೋಗಲ್ಲ," ಅಂದಳು ಸೌಭಾಗ್ಯ. "ನಿಮ್ಮ ಮಗಳ ಬೆರಳಿನ ಅಳತೆ ನೋಡಿ ತಂದಿದ್ದು ಅದು."

ರಾಮಾಂಜಿ ಕತ್ತರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂತ. ಈ ಸಲ ತಲೆಯಾಡಿಸಲಿಲ್ಲ. ದುರುಗಕ್ಕ ಬಾಗಿಲಲ್ಲಿ ನಿಂತವಳು ಕೊರಳಿಂದ ತನ್ನ ಕತ್ತರಿ ತೆಗೆದು ಮಗನ ಕೈಗೆ ಕೊಟ್ಟು, ತನಗೊಂದು ಬ್ಲೇಡು ಹುಡುಕಲು ಒಳಗೆ ಹೋದಳು.